ದಿಂಬು ಯಾಕೆ ಎಂದು ಅವರು ಕೇಳಿದ್ದರು

ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವ ಪ್ರತಿಯೊಬ್ಬರ ಫೈಲಿನ ಮೇಲೂ ನಮ್ಮ ಆಸ್ಪತ್ರೆಯಲ್ಲಿ ಒಂದು ಹಳದಿ ಹಾಳೆ ಇರುತ್ತದೆ. ರಕ್ತದ ಗುಂಪು, ಹಲ್ಲಿನ ಪರೀಕ್ಷೆ, ಕೂದಲು ತೆಗೆದದ್ದು, ಒಡವೆ ಬಿಚ್ಚಿದ್ದು, ಹೀಗೆ ಹದಿನಾಲ್ಕು ಸಾಲು. ಹನ್ನೊಂದನೆಯದು ನನ್ನದು. ‘ದೈಹಿಕ ಮತ್ತು ಮಾನಸಿಕ ಸಿದ್ಧತೆ: ಆಗಿದೆ / ಇಲ್ಲ’ ಎಂದು ಅಚ್ಚಾಗಿರುತ್ತದೆ. ಎರಡರಲ್ಲಿ ಒಂದಕ್ಕೆ ಸುತ್ತು ಹಾಕಿ ನಾನು ಸಹಿ ಮಾಡಬೇಕು. ‘ಇಲ್ಲ’ಕ್ಕೆ ಸುತ್ತು ಬಿದ್ದದ್ದನ್ನು ನಾನು ನೋಡಿರಲಿಲ್ಲ. ನಾನೂ ಹಾಕಿರಲಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಶಸ್ತ್ರಚಿಕಿತ್ಸೆಗೆ ಮೊದಲು ಉಸಿರೆಳೆಯುವುದು, ಕೆಮ್ಮುವುದು, ಹಾಸಿಗೆಯಿಂದ ಏಳುವುದು ಇವನ್ನು ಕಲಿಸುವುದು, ಆದಮೇಲೆ ಅವನ್ನೇ ಮಾಡಿಸುವುದು ನನ್ನ ಕೆಲಸ. ‘ಮಾನಸಿಕ’ ಎಂಬ ಪದ ಮೊದಲು ನನ್ನ ಸಾಲಿನಲ್ಲಿ ಇರಲಿಲ್ಲ. ರೋಗಿಗಳೊಡನೆ ಕೂತು ಮಾತಾಡುತ್ತಿದ್ದ ಸಮಾಲೋಚಕಿ ಕೆಲಸ ಬಿಟ್ಟರು, ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ, ಅವರ ಪದವನ್ನು ನನ್ನ ಸಾಲಿಗೆ ಸೇರಿಸಿದರು. ಸಮಯ ಸೇರಿಸಲಿಲ್ಲ. ಒಬ್ಬರಿಗೆ ಇಪ್ಪತ್ತು ನಿಮಿಷ, ಮೊದಲೂ ಅಷ್ಟೇ, ಈಗಲೂ ಅಷ್ಟೇ.

ದಿಂಬು ಯಾಕೆ ಎಂದು ಕೇಳಿದ ರೋಗಿಗೆ ಅರವತ್ತನಾಲ್ಕು ವರ್ಷ. ನಾಗರಬಾವಿಯಲ್ಲಿ ಬಡಾವಣೆಗಳು ಬರುವ ಮೊದಲಿನಿಂದ ಇದ್ದ ಊರಿನವರು. ರಾಗಿ ಬಿತ್ತುತ್ತಿದ್ದ ಜಾಗದಲ್ಲಿ ಮೂರಂತಸ್ತಿನ ಮನೆ ಕಟ್ಟಿ, ಮೇಲಿನ ಕೋಣೆಗಳನ್ನು ಕಾನೂನು ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದರು. ನಲವತ್ತು ವರ್ಷದ ಬೀಡಿ, ಸಕ್ಕರೆ ಕಾಯಿಲೆ, ಹೃದಯದ ಮೂರು ರಕ್ತನಾಳಗಳಲ್ಲಿ ತಡೆ. ಮಣಿಕಟ್ಟಿನಿಂದ ತಂತಿ ಹಾಯಿಸಿ ಮಾಡುವ ಆಂಜಿಯೋಗ್ರಾಮ್ ಆಗಲೇ ಆಗಿತ್ತು. ಬೈಪಾಸ್ ಮಾಡಲೇಬೇಕಿತ್ತು, ಆದರೆ ಶ್ವಾಸಕೋಶದ ಪರೀಕ್ಷೆಯಲ್ಲಿ ಅಂಕಿಗಳು ಚೆನ್ನಾಗಿರಲಿಲ್ಲ. ಸರ್ಜನ್ ಹನ್ನೆರಡು ದಿನ ಕೊಟ್ಟರು. ಬೀಡಿ ಪೂರ್ತಿ ಬಂದ್, ದಿನಕ್ಕೆ ನಾಲ್ಕು ಸಲ ಉಸಿರಿನ ವ್ಯಾಯಾಮ, ಆಮೇಲೆ ದಾಖಲು.

ಕಲಿಸಲು ನಾನು ಒಳಗೆ ಹೋಗುವ ಮುನ್ನ ಅವರ ಮಗ ಕಾರಿಡಾರಿನಲ್ಲಿ ಅಡ್ಡ ನಿಂತರು. ಮೂವತ್ತೈದರ ಆಸುಪಾಸು, ರಿಂಗ್ ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ. ತುಂಬಾ ಮರ್ಯಾದೆಯಿಂದಲೇ ಮಾತಾಡಿದರು.

“ಮೇಡಂ, ಒಂದ್ನಿಮಿಷ. ಅಪ್ಪಂಗೆ ಎದೆ ಓಪನ್ ಮಾಡ್ತಾರೆ ಅಂತ ಹೇಳಿಲ್ಲ. ಹೋದ್ಸಲದ ತರಾನೇ ಕೈಯಲ್ಲಿ ತಂತಿ ಬಿಟ್ಟು ಕ್ಲೀನ್ ಮಾಡ್ತಾರೆ ಅಂದಿದೀವಿ. ನೀವೂ ಹಂಗೇ ಮೇಂಟೇನ್ ಮಾಡ್ಬಿಡಿ.”

“ಡಾಕ್ಟರ್ ಹೇಳಿರ್ತಾರಲ್ಲ?”

“ಡಾಕ್ಟ್ರಿಗೂ ಹೇಳಿದೀವಿ. ಸೈನ್ ಎಲ್ಲಾ ನಾನೇ ಹಾಕ್ತೀನಿ.”

ಅಲ್ಲೇ ನಿಲ್ಲಿಸಬೇಕಿತ್ತು. ಗಡಿಯಾರ ನೋಡಿಕೊಂಡೆ. ಇಪ್ಪತ್ತರಲ್ಲಿ ನಾಲ್ಕು ನಿಮಿಷ ಕಾರಿಡಾರಿನಲ್ಲೇ ಕಳೆದಿತ್ತು. ಒಳಗೆ ಹೋದೆ.

ಮೊದಲು ಮೂರು ಚೆಂಡಿನ ಉಪಕರಣ. ಪಾರದರ್ಶಕ ಪ್ಲಾಸ್ಟಿಕ್ಕಿನ ಮೂರು ಕೊಳವೆಗಳು, ಒಂದೊಂದರಲ್ಲೂ ಒಂದು ಚೆಂಡು, ಕೆಳಗಿನಿಂದ ಒಂದು ನಳಿಕೆ. ನಳಿಕೆಯನ್ನು ಬಾಯಲ್ಲಿಟ್ಟು ನಿಧಾನವಾಗಿ ಉಸಿರನ್ನು ಒಳಗೆಳೆದರೆ ಚೆಂಡುಗಳು ಒಂದರ ಹಿಂದೆ ಒಂದು ಮೇಲೇಳುತ್ತವೆ. ಎದ್ದ ಚೆಂಡನ್ನು ಮೂರು ಸೆಕೆಂಡು ಹಿಡಿದಿಡಬೇಕು. ಆಗ ಶ್ವಾಸಕೋಶದ ತಳದ ಭಾಗವೂ ಬಿಚ್ಚಿಕೊಳ್ಳುತ್ತದೆ. ಅವರು ಎರಡು ಸಲ ಪ್ರಯತ್ನಿಸಿದರು. ಮೊದಲ ಚೆಂಡು ಅಲುಗಿತು. ಮನೆಯಲ್ಲಿ ಅಭ್ಯಾಸವಾಗುತ್ತದೆ ಎಂದು ಹೇಳಿ, ಟಿಕ್ ಹಾಕುವ ಚಾರ್ಟ್ ಕೊಟ್ಟೆ.

ಆಮೇಲೆ ದಿಂಬು. ಚಿಕ್ಕ, ಗಟ್ಟಿ ದಿಂಬು. ಕೆಮ್ಮುವಾಗ ಅದನ್ನು ಎರಡೂ ಕೈಯಿಂದ ಎದೆಗೆ ಅವುಚಿ ಹಿಡಿಯಬೇಕು. ಎದೆಯ ನಡುಮೂಳೆಯನ್ನು ಸೀಳಿ, ಕೆಲಸ ಮುಗಿಸಿ, ಸ್ಟೀಲ್ ತಂತಿಯಿಂದ ಕಟ್ಟಿರುತ್ತಾರೆ. ಕೆಮ್ಮಿದರೆ ಆ ಮೂಳೆ ಎಳೆಯುತ್ತದೆ, ಕೆಮ್ಮದಿದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ದಿಂಬು ಇರುವುದು ಅದಕ್ಕೆ.

“ದಿಂಬು ಯಾಕವ್ವಾ?” ಎಂದು ಅವರು ಕೇಳಿದರು.

ಅವರ ಬೆನ್ನ ಹಿಂದೆ ಮಗ ನಿಂತಿದ್ದರು. “ಕೆಮ್ಮು ಬಂದ್ರೆ ಎದೆಗೆ ಸಪೋರ್ಟ್ ಸಾರ್” ಎಂದೆ.

“ಅರವತ್ನಾಲ್ಕು ವರ್ಷದಿಂದ ದಿಂಬಿಲ್ದೇನೆ ಕೆಮ್ಕೊಂಡು ಬಂದಿದೀನಲ್ಲವ್ವ.”

ಅವರ ಹೆಂಡತಿ ನಕ್ಕರು, ಮಗ ನಕ್ಕರು. ನಾನೂ ನಕ್ಕೆ.

ಎರಡೂ ಕೈಯೂರದೆ, ಮಗ್ಗುಲಾಗಿ, ಕಾಲು ಇಳಿಬಿಟ್ಟು ಏಳುವುದನ್ನು ತೋರಿಸಿದಾಗ ಮತ್ತೆ ಕೇಳಿದರು. “ತಂತಿ ಹಾಕೋದು ಬಲಗೈಗೆ. ಎಡಗೈ ಏನ್ ಪಾಪ ಮಾಡ್ತು?” ಸರಿಯಾದ ಪ್ರಶ್ನೆ. ಅವರಿಗೆ ಹೇಳಿದ್ದ ಸುಳ್ಳಿಗೂ ನಾನು ಕಲಿಸುತ್ತಿದ್ದ ವಿದ್ಯೆಗೂ ತಾಳೆಯಾಗುತ್ತಿಲ್ಲ ಎಂದು ಅವರಿಗೆ ಎರಡೇ ನಿಮಿಷದಲ್ಲಿ ಗೊತ್ತಾಗಿತ್ತು. “ಇಲ್ಲಿ ಎಲ್ಲರಿಗೂ ಹೀಗೇ ಕಲಿಸೋದು ಸಾರ್” ಎಂದು ಹೇಳಿ ಎದ್ದುಬಂದೆ.

ಆರನೆಯ ದಿನ ಮಗ ಒಂದು ವಿಡಿಯೋ ಕಳಿಸಿದರು. ಬೆಳಗಿನ ಮೆಟ್ರೋ, ದೀಪಾಂಜಲಿ ನಗರದಲ್ಲಿ ಹತ್ತಿದವರ ಬ್ಯಾಗು ನನ್ನ ಭುಜಕ್ಕೆ ಒತ್ತುತ್ತಿತ್ತು. ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ವಿಡಿಯೋ ತೆರೆದೆ. ಮೂರೂ ಚೆಂಡುಗಳು ಮೇಲೆದ್ದು ನಿಂತಿದ್ದವು. “ಇನ್ನೊಂದ್ಸಲ, ಇನ್ನೊಂದ್ಸಲ” ಎಂದು ರೋಗಿಯ ಹೆಂಡತಿಯ ದನಿ. ಪೂರ್ತಿ ನೋಡಲಿಲ್ಲ. ಹೆಬ್ಬೆರಳಿನ ಚಿತ್ರ ಕಳಿಸಿ ಫೋನ್ ಚೀಲಕ್ಕೆ ಹಾಕಿದೆ. ಆ ದಿನ ಪೂರ್ತಿ ಖುಷಿಯಾಗಿಯೇ ಇದ್ದೆ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅವರು ದಾಖಲಾದರು. ಮಧ್ಯಾಹ್ನ ನಾಲ್ಕಕ್ಕೆ ನಾನು ಹಳದಿ ಹಾಳೆ ಹಿಡಿದುಕೊಂಡು ಹೋದೆ. ಹನ್ನೆರಡು ದಿನದ ಚಾರ್ಟ್ ಭರ್ತಿ. ದಿನಕ್ಕೆ ನಾಲ್ಕರಂತೆ ನಲವತ್ತೆಂಟು ಟಿಕ್, ಒಂದೂ ತಪ್ಪಿಲ್ಲ. ಪೆನ್ನಿನ ಮುಚ್ಚಳ ತೆಗೆದಿದ್ದೆ. ಅಭ್ಯಾಸಬಲದಿಂದ “ಒಂದ್ಸಲ ಮಾಡಿ ತೋರಿಸಿ ಸಾರ್” ಎಂದೆ.

ಅವರು ಉಪಕರಣವನ್ನು ಕೈಗೆ ತೆಗೆದುಕೊಂಡು, ತಲೆಕೆಳಗೆ ಮಾಡಿ, ನಳಿಕೆ ಬಾಯಿಗಿಟ್ಟು ಜೋರಾಗಿ ಊದಿದರು. ಮೂರೂ ಚೆಂಡು ಟಪ್ ಎಂದು ಮೇಲಕ್ಕೆ ಹೋಗಿ ಕೂತವು. ನನ್ನ ಮುಖ ನೋಡಿ ಹುಬ್ಬು ಹಾರಿಸಿದರು.

“ಹೀಗೆ ಯಾರು ಹೇಳ್ಕೊಟ್ರು ಸಾರ್?”

“ನಮ್ ಹುಡುಗ. ಸೀದಾ ಇಟ್ರೆ ಒಂದ್ ಚೆಂಡೂ ಏಳ್ತಿರ್ಲಿಲ್ಲವ್ವ. ನಿಮ್ ಮಿಷನ್ ಕೆಟ್ಟಿತ್ತು. ಅವನೇ ರಿಪೇರಿ ಮಾಡ್ಕೊಟ್ಟ.”

ಊದುವುದರಿಂದ ಶ್ವಾಸಕೋಶ ಹಿಗ್ಗುವುದಿಲ್ಲ. ಹನ್ನೆರಡು ದಿನ ಅವರು ಇದ್ದ ಗಾಳಿಯನ್ನು ಹೊರಗೆ ಹಾಕುವುದನ್ನು ಅಭ್ಯಾಸ ಮಾಡಿದ್ದರು. ಉಪಕರಣ ಸೀದಾ ಮಾಡಿ ಕೊಟ್ಟೆ, ಒಳಗೆಳೆಯಿರಿ ಎಂದೆ. ಮೊದಲ ಚೆಂಡು ಅರ್ಧಕ್ಕೆ ಏರಿ, ನಡುಗಿ, ಬಿತ್ತು. ಕೆಮ್ಮು ಶುರುವಾಯಿತು. ಮಂಚದ ಕಂಬಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ದಿಂಬು ಕಾಲಿನ ಹತ್ತಿರ ಬಿದ್ದಿತ್ತು, ಅದರ ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿರಲಿಲ್ಲ. ಬೀಡಿ ಬಿಟ್ಟಿದ್ದರು. ಆ ಹನ್ನೆರಡು ದಿನದಲ್ಲಿ ನಡೆದ ನಿಜವಾದ ಕೆಲಸ ಅದೊಂದೇ.

ಮಗ ಅಲ್ಲೇ ಇದ್ದರು. “ಮೇಡಂ, ಅದು... ಏಳ್ಲಿಲ್ಲ ಅಂದ್ರೆ ಅಪ್ಪಂಗೆ ಬೇಜಾರಾಗ್ತಿತ್ತು. ಅದಕ್ಕೆ” ಎಂದರು.

ಫೋನ್ ತೆಗೆದು ಆ ವಿಡಿಯೋ ಮತ್ತೆ ನೋಡಿದೆ. ಕೊಳವೆಗಳ ಮೇಲೆ ಅಚ್ಚಾದ ಅಂಕಿಗಳು ತಲೆಕೆಳಗಾಗಿದ್ದವು, ಮಗುವೂ ಗುರುತಿಸುವಷ್ಟು ಸ್ಪಷ್ಟವಾಗಿ. ಅದರ ಕೆಳಗೆ ನನ್ನ ಹೆಬ್ಬೆರಳು.

ಸ್ಟೂಲ್ ಎಳೆದು ಕೂತೆ. “ನಾಳೆ ಏನು ಮಾಡ್ತಾರೆ ಅಂತ ನಿಮ್ಮ ಮಾತಲ್ಲೇ ಹೇಳಿ ಸಾರ್.”

ಅವರು ಬಲ ಮಣಿಕಟ್ಟು ತೋರಿಸಿದರು. “ಇಲ್ಲಿಂದ ತಂತಿ ಬಿಟ್ಟು ಕ್ಲೀನ್ ಮಾಡ್ತಾರೆ. ಸಾಯಂಕಾಲಕ್ಕೆ ಮನೇಗೆ ಬಿಡ್ತಾರಾ, ಇಲ್ಲಾ ಒಂದಿನ ಇಟ್ಕೋತಾರಾ?”

ಸಂಜೆ ಐದಕ್ಕೆ ಅವರ ಎದೆ ಮತ್ತು ಕಾಲಿನ ಕೂದಲು ತೆಗೆಯಲು ಬರುವವರಿದ್ದರು. ಮರುದಿನ ಅವರು ಐಸಿಯುವಿನಲ್ಲಿ ಎಚ್ಚರಗೊಂಡಾಗ ಗಂಟಲಲ್ಲಿ ಕೊಳವೆ ಇರುತ್ತದೆ, ದನಿ ಬರುವುದಿಲ್ಲ, ಕೊಳವೆ ಕಿತ್ತುಕೊಳ್ಳದಂತೆ ಕೈ ಕಟ್ಟಿರುತ್ತಾರೆ, ಎದೆ ಸೀಳಿರುತ್ತದೆ, ರಕ್ತನಾಳ ತೆಗೆದ ಕಾಲು ಉರಿಯುತ್ತಿರುತ್ತದೆ. ಮಣಿಕಟ್ಟಿಗೆ ತಂತಿ ಎಂದುಕೊಂಡು ಮಲಗಿದ ಮನುಷ್ಯ ಆಗ ಏನೆಂದುಕೊಳ್ಳಬೇಕು? ಏನೋ ಅನಾಹುತವಾಗಿದೆ, ತಾನು ಸಾಯುತ್ತಿದ್ದೇನೆ ಎಂದು ಕೊಳವೆಯೊಂದಿಗೆ ಗುದ್ದಾಡುತ್ತಾನೆ. ಮೊದಲೇ ಅರ್ಧ ಚೆಂಡಿನ ಶ್ವಾಸಕೋಶ. ಅದನ್ನೆಲ್ಲ ‘ಆಗಿದೆ’ ಎಂದು ಸುತ್ತು ಹಾಕಿ ಒಳಗೆ ಕಳಿಸಲು ನನ್ನ ಕೈಯಲ್ಲಿ ಪೆನ್ನಿತ್ತು.

ನರ್ಸ್‌ಗಳ ಕೌಂಟರಿಗೆ ಹೋಗಿ ‘ಇಲ್ಲ’ಕ್ಕೆ ಸುತ್ತು ಹಾಕಿದೆ. ಕೆಳಗೆ ಎರಡು ಸಾಲು ಬರೆದೆ. ಉಸಿರಿನ ವ್ಯಾಯಾಮ ತಪ್ಪಾಗಿ ನಡೆದಿದೆ, ಪರಿಣಾಮ ಶೂನ್ಯ. ಎದೆ ತೆರೆಯುವ ಶಸ್ತ್ರಚಿಕಿತ್ಸೆ ಎಂದು ರೋಗಿಗೆ ತಿಳಿಸಿಲ್ಲ.

ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಹಾಳೆ ನೋಡಿದರು, ನನ್ನನ್ನು ನೋಡಿದರು. “ಏನೇ ಇದು, ಪೆನ್ ಜಾರ್ತಾ?”

“ಇಲ್ಲ ಸಿಸ್ಟರ್.”

“ಬೆಳಿಗ್ಗೆ ಮೊದಲ್ನೇ ಕೇಸ್ ಕಣೇ ಅದು. ಸಾರ್ ನಿನ್ನ ತಿಂದ್ಹಾಕ್ತಾರೆ.”

“ತಿನ್ಲಿ. ಫೋನ್ ಮಾಡ್ತೀರಾ, ನಾನೇ ಮಾಡ್ಲಾ?”

ಸಿಸ್ಟರ್ ರಿಸೀವರ್ ಎತ್ತಿಕೊಂಡು, “ನಾನೇ ಮಾಡ್ತೀನಿ. ನಿನ್ನ ದನಿ ಸರಿ ಇಲ್ಲ ಈಗ” ಎಂದರು.

ಸರ್ಜನ್ ಹಿಂದಿನ ಕೇಸು ಮುಗಿಸಿ, ಶಸ್ತ್ರಚಿಕಿತ್ಸೆಯ ಟೋಪಿಯಲ್ಲೇ ಬಂದರು. ಹಾಳೆ ಓದಿದರು.

“ನಿನ್ನ ಫೀಲಿಂಗ್ಸ್‌ಗೆ ನಾನು ಆಪರೇಷನ್ ನಿಲ್ಸಕ್ಕಾಗಲ್ಲಮ್ಮ.”

“ಫೀಲಿಂಗ್ಸ್ ಬರೆದಿಲ್ಲ ಸಾರ್. ಒಂದೇ ಚೆಂಡು, ಅದೂ ಅರ್ಧಕ್ಕೆ. ನೀವೇ ಮಾಡ್ಸಿ ನೋಡಿ.”

ಹೋಗಿ ಮಾಡಿಸಿದರು. ಅವರ ಎದುರಿಗೂ ಚೆಂಡು ಅರ್ಧಕ್ಕೇ ಬಿತ್ತು. ವಾಪಸು ಬಂದು ಹಾಳೆಯ ಎರಡನೆಯ ಸಾಲಿನ ಮೇಲೆ ಬೆರಳಿಟ್ಟರು. “ಇದು ಮನೆಯವರ ವಿಷಯ.”

“ಅವರು ಎಚ್ಚರವಾಗಿದ್ದಾರೆ ಸಾರ್, ಓದೋಕೆ ಬರೆಯೋಕೆ ಬರುತ್ತೆ. ಅವರ ಎದೆಗೆ ಮಗ ಯಾಕೆ ಸೈನ್ ಹಾಕ್ಬೇಕು?”

ಸರ್ಜನ್‌ಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಬೇರೆ. “ರಕ್ತ ತೆಳು ಮಾಡೋ ಮಾತ್ರೆ ಐದು ದಿನದಿಂದ ನಿಲ್ಸಿದೀವಿ. ಈಗ ಮುಂದೂಡಿ, ಈ ವಾರ್ಡಲ್ಲೇ ಅವರಿಗೆ ಹಾರ್ಟ್ ಅಟ್ಯಾಕ್ ಆದ್ರೆ?”

ನಾನು ಬರೆದ ಆ ಎರಡು ಸಾಲಿನಿಂದ ಅವರು ಸಾಯಬಹುದಿತ್ತು. ಸಹಿ ಹಾಕಿದ್ದರೂ ಸಾಯಬಹುದಿತ್ತು. ಸಹಿ ಹಾಕಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಕೊನೆಗೆ ಸರ್ಜನ್ ಆರು ದಿನ ಎಂದರು. ಇಲ್ಲೇ, ವಾರ್ಡಿನಲ್ಲಿ, ಮಾತ್ರೆಯ ಬದಲು ಹೊಟ್ಟೆಯ ಚರ್ಮಕ್ಕೆ ದಿನಕ್ಕೆರಡು ಇಂಜೆಕ್ಷನ್. “ಹೇಳೋದನ್ನ ನೀನೇ ಹೇಳು. ನಾನು ಪಕ್ಕದಲ್ಲಿರ್ತೀನಿ.”

ಮಗ ಕಾರಿಡಾರಿನಲ್ಲಿ ಕೂಗಾಡಿದರು. ಈ ಸಲ ಮರ್ಯಾದೆ ಇರಲಿಲ್ಲ. “ನಮ್ ಚಿಕ್ಕಪ್ಪಂಗೆ ಹಿಂಗೇ ಹೇಳಿದ್ರು ಕಣ್ರೀ, ಆಪರೇಷನ್ ಅಂತ. ಆಸ್ಪತ್ರೆಯಿಂದ ಓಡ್ಹೋದ್ರು. ಆರು ತಿಂಗ್ಳಲ್ಲಿ ಹೊಲದ ಬದುವಲ್ಲಿ ಸತ್ತು ಬಿದ್ದಿದ್ರು, ನಾನೇ ಎತ್ಕೊಂಡು ಬಂದಿದ್ದು. ನಮ್ಮಪ್ಪಂಗೆ ಏನಾದ್ರೂ ಆಗ್ಲಿ, ನಿಮ್ಮನ್ನ ಬಿಡಲ್ಲ ನಾನು!”

ಅವರು ಅಳುತ್ತಿದ್ದರು. ನನಗೆ ಅರ್ಥವಾಯಿತು. ಅರ್ಥವಾದರೂ ನನ್ನ ಸಿಟ್ಟು ಇಳಿಯಲಿಲ್ಲ. ಪ್ರೀತಿಯಿಂದಲೇ ಆ ಉಪಕರಣವನ್ನೂ ತಿರುಗಿಸಿದ್ದರು, ಪ್ರೀತಿಯಿಂದಲೇ ಅಪ್ಪನನ್ನು ಮೋಸದಿಂದ ಮೇಜಿಗೆ ಏರಿಸಲು ಹೊರಟಿದ್ದರು. ನಾವೆಲ್ಲರೂ, ಓದಿದವರು, ಸಮವಸ್ತ್ರ ಹಾಕಿದವರು, ಅದಕ್ಕೆ ತಲೆಯಾಡಿಸಿದ್ದೆವು, ಏಕೆಂದರೆ ನಮಗೆ ಅದರಿಂದ ಸಮಯ ಉಳಿಯುತ್ತಿತ್ತು.

ಹೇಳಿದೆ. ಅವರ ಅಪ್ಪನ ಮುಂದೆ ಕೂತು, ದಿಂಬಿನ ಕವರು ಬಿಚ್ಚಿ, ನನ್ನ ಎದೆಯ ಮೇಲೆ ಬೆರಳಿನಿಂದ ಮೇಲಿನಿಂದ ಕೆಳಗೆ ಗೆರೆ ಎಳೆದು ತೋರಿಸಿದೆ. ಕಾಲಿನಿಂದ ನಾಳ ತೆಗೆಯುವುದು, ಕಟ್ಟಿರುವ ಜಾಗಕ್ಕೆ ಸುತ್ತುದಾರಿ ಹೊಲಿಯುವುದು, ಎಚ್ಚರವಾದಾಗ ಗಂಟಲಲ್ಲಿ ಇರುವ ಕೊಳವೆ, ಕಟ್ಟಿದ ಕೈ, ಬಾರದ ದನಿ. “ಆಗ ಗಾಬರಿಯಾಗ್ಬೇಡಿ ಸಾರ್. ಅದು ಹಾಗೇ ಇರಬೇಕಾದ್ದು. ನೀವೇ ಚೆನ್ನಾಗಿ ಉಸಿರಾಡ್ತಿದೀರ ಅಂತ ಗೊತ್ತಾದ ಮೇಲೆ ತೆಗೀತಾರೆ.”

ಮುಗಿದ ಮೇಲೆ ಅವರು ಕೇಳಿದರು. “ಮೂಳೆ ಯಾವ್ದರಲ್ಲಿ ಕುಯ್ತಾರೆ?”

“ಚಿಕ್ಕ ಗರಗಸ ಇರುತ್ತೆ.”

“ಅದರಿಂದ ಜನ ಸಾಯ್ತಾರಾ?”

ಅದಕ್ಕೆ ಸರ್ಜನ್ ಉತ್ತರ ಕೊಟ್ಟರು, ಸುತ್ತಿ ಬಳಸದೆ. ಸಾಯುವವರೂ ಇದ್ದಾರೆ, ಮಾಡಿಸದಿದ್ದರೆ ಸಾಯುವವರು ಅದಕ್ಕಿಂತ ಹೆಚ್ಚು ಎಂದರು.

ಅವರು ಮಗನ ಕಡೆ ತಿರುಗಿದರು. “ಆಚೆ ಹೋಗೋ.” ಮಗ ಹೋದರು. ಆಮೇಲೆ ನನ್ನ ಕಡೆ. “ಅವತ್ತು ದಿಂಬು ಯಾಕೆ ಅಂತ ಕೇಳ್ದೆ. ನೀನೂ ಗೊತ್ತಿದ್ದೇ ನಕ್ಕೆ, ಅಲ್ವಾ?”

“ಹೌದು ಸಾರ್.”

“ನಮ್ಮನೆ ಮೇಲೆ ಇರೋರೆಲ್ಲ ಲಾ ಓದೋ ಹುಡುಗ್ರು. ಒಬ್ಬೊಬ್ಬರ ಮೇಲೂ ಕೇಸ್ ಹಾಕ್ಸ್ತೀನಿ ನೋಡ್ತಿರು. ನಿನ್ ಮೇಲೆ, ಈ ಡಾಕ್ಟ್ರ ಮೇಲೆ, ಆ ನನ್ಮಗನ ಮೇಲೆ.”

ಅದುವರೆಗೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದ ಅವರ ಹೆಂಡತಿ, “ಮೊದ್ಲು ಉಸ್ರು ಒಳಗೆಳ್ಕೊಳ್ಳಿ. ಕೇಸ್ ಆಮೇಲ್ ಹಾಕೋರಂತೆ” ಎಂದರು.

ಉಪಕರಣವನ್ನು ಸೀದಾ ಹಿಡಿದು ಕೊಟ್ಟವರೂ ಅವರೇ.

ಆ ಆರು ದಿನ ಅವರು ನನ್ನೊಡನೆ ಸೌಜನ್ಯದ ಒಂದು ಮಾತನ್ನೂ ಆಡಲಿಲ್ಲ. ಆದರೆ ಎಳೆದರು. ಮೊದಲ ದಿನ ಒಂದು ಚೆಂಡು ಪೂರ್ತಿ, ಹಿಡಿದಿಡಲಾಗಲಿಲ್ಲ. ಮೂರನೆಯ ದಿನ ಒಂದು ಚೆಂಡು, ಮೂರು ಸೆಕೆಂಡು. ಅವರ ಪಕ್ಕೆಲುಬುಗಳ ಕೆಳಗೆ ನನ್ನ ಅಂಗೈ ಇಟ್ಟು, ಉಸಿರು ಅಲ್ಲಿಗೆ ಬರಲಿ ಎನ್ನುತ್ತಿದ್ದೆ. “ಬರುತ್ತೆ, ಕೈ ಒತ್ಬೇಡ” ಎನ್ನುತ್ತಿದ್ದರು. ಬೆಳಿಗ್ಗೆ ನಾನು ವಾರ್ಡಿಗೆ ಬರುವಾಗ ಮೊದಲು ನೋಡುತ್ತಿದ್ದುದು ರಾತ್ರಿ ಏನಾದರೂ ಆಗಿ ಅವರ ಮಂಚದ ಸುತ್ತ ಪರದೆ ಎಳೆದಿದೆಯೋ ಇಲ್ಲವೋ ಎಂಬುದನ್ನು. ಐದನೆಯ ದಿನ ಎರಡನೆಯ ಚೆಂಡು ಮುಕ್ಕಾಲಿಗೆ ಬಂತು. ಅಂದೇ ಇಂಗ್ಲಿಷಿನಲ್ಲಿದ್ದ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿಕೊಂಡರು. ಎರಡು ಕಡೆ ನಿಲ್ಲಿಸಿ ಮತ್ತೆ ಓದು ಎಂದರು. ಮಗ ಸಹಿ ಹಾಕಿದ್ದ ಹಳೆಯ ಪತ್ರವನ್ನು ಕೇಳಿ ಪಡೆದು, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ಸಿಸ್ಟರ್ ಫೈಲಿಗೆ ಬೇಕು ಎಂದಾಗ “ಕೇಸಿಗೂ ಬೇಕು” ಎಂದರು. ಸಿಸ್ಟರ್ ಜೆರಾಕ್ಸ್ ಮಾಡಿಸಿ ಅವರಿಗೆ ಒಂದು ಕೊಟ್ಟರು. ಆಮೇಲೆ ಅವರು ನಿಧಾನವಾಗಿ, ಪೂರ್ತಿ ಹೆಸರು ಬರೆದು, ಹೊಸದಕ್ಕೆ ಸಹಿ ಹಾಕಿದರು. ನಾನು ‘ಆಗಿದೆ’ಗೆ ಸುತ್ತು ಹಾಕಿದೆ.

ಶಸ್ತ್ರಚಿಕಿತ್ಸೆಯ ಮರುದಿನ ಬೆಳಿಗ್ಗೆ ಕೊಳವೆ ತೆಗೆದರು. ಎಚ್ಚರವಾದಾಗ ಗುದ್ದಾಡಲಿಲ್ಲ, ಎಲ್ಲರನ್ನೂ ದುರುಗುಟ್ಟಿಕೊಂಡು ನೋಡುತ್ತಾ ಮಲಗಿದ್ದರು ಎಂದು ಐಸಿಯು ನರ್ಸ್ ಹೇಳಿದರು. ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಮೂರನೆಯ ದಿನ ಜ್ವರ ಬಂತು, ಎಡ ಶ್ವಾಸಕೋಶದ ತಳ ಕುಸಿದಿತ್ತು. ಎರಡು ದಿನ, ಎರಡೆರಡು ಗಂಟೆಗೊಮ್ಮೆ ಅವರನ್ನು ಎಬ್ಬಿಸಿ ಕೂರಿಸಿ ಕೆಮ್ಮಿಸಿದೆವು. ಅವರು ದಿಂಬನ್ನು ಎದೆಗೆ ಅವುಚಿಕೊಂಡು, ಕೆಮ್ಮಿ, ಪ್ರತಿ ಕೆಮ್ಮಿನ ನಂತರ ನನ್ನನ್ನು ಬೈದರು. ಜ್ವರ ಇಳಿಯಿತು.

ಆಡಳಿತ ವಿಭಾಗದಿಂದ ನನಗೆ ಪತ್ರ ಬಂತು. ಮೊದಲ ಕೇಸು ಮುಂದೂಡಿ, ಒಂದು ಬೆಳಿಗ್ಗೆ ಆಪರೇಷನ್ ಥಿಯೇಟರ್ ಖಾಲಿ ಬಿದ್ದದ್ದಕ್ಕೆ ಲಿಖಿತ ವಿವರಣೆ ಕೊಡಬೇಕು ಎಂದು. ಕೊಟ್ಟೆ. ಆ ವಿಡಿಯೋ ನೋಡಿ ನಾನು ಹೆಬ್ಬೆರಳು ಕಳಿಸಿದ್ದನ್ನೂ ಅದರಲ್ಲಿ ಬರೆದೆ. ಸಮಾಲೋಚಕಿಯ ಹುದ್ದೆ ತುಂಬಿ ಎಂದೂ ಬರೆದೆ. ಮೊದಲನೆಯದನ್ನು ನನ್ನ ಕಡತಕ್ಕೆ ಸೇರಿಸಿದರು. ಎರಡನೆಯದಕ್ಕೆ ಉತ್ತರ ಬರಲಿಲ್ಲ.

ನಮ್ಮಲ್ಲಿ ಶಸ್ತ್ರಚಿಕಿತ್ಸೆಗೆ ಹೋಗುವವರಿಗೂ ಮುಗಿಸಿ ಬಂದವರಿಗೂ ಒಂದೇ ವಾರ್ಡು. ಅವರು ಮನೆಗೆ ಹೋಗುವ ಹಿಂದಿನ ದಿನ ಪಕ್ಕದ ಮಂಚಕ್ಕೆ ಹೊಸಬರೊಬ್ಬರು ಬಂದರು. ಬಿನ್ನಿಪೇಟೆಯವರು, ಐವತ್ತು ದಾಟಿರಬಹುದು, ಮಾರನೆಯ ದಿನವೇ ಬೈಪಾಸ್. ನಾನು ಉಪಕರಣ ಮತ್ತು ದಿಂಬು ಹಿಡಿದು ಹೋದೆ.

“ಇದೇನ್ ಮೇಡಂ, ದಿಂಬು ಯಾಕೆ?” ಎಂದು ಅವರು ಕೇಳಿದರು.

ಅವರ ತಲೆಯ ಹಿಂದೆ ನಿಂತಿದ್ದ ಹೆಂಡತಿ ನನ್ನನ್ನೇ ನೋಡುತ್ತಾ ತುಟಿಗೆ ಬೆರಳಿಟ್ಟರು. ಬೇಡ ಎಂದು ತಲೆ ಆಡಿಸಿದರು. ಕಣ್ಣಲ್ಲಿ ನೀರು ತುಂಬಿತ್ತು.

ಪಕ್ಕದ ಮಂಚದಲ್ಲಿ ನಮ್ಮ ನಾಗರಬಾವಿಯವರು ದಿಂಬು ತಬ್ಬಿಕೊಂಡು ಕೂತಿದ್ದರು. ಆ ಬೆರಳನ್ನು ಅವರೂ ನೋಡಿದರು.

“ಹೇಳವ್ವ” ಎಂದರು. “ದಿಂಬು ಯಾಕೆ ಅಂತ ಹೇಳು. ಕೇಳ್ತಾ ಇದಾರಲ್ಲ.”

ಗಡಿಯಾರ ನೋಡಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟು ಸ್ಟೂಲ್ ಎಳೆದುಕೊಂಡೆ. “ನೀವೂ ಬಂದು ಕೂತ್ಕೊಳ್ಳಿ ಆಂಟಿ” ಎಂದು ಆ ಹೆಂಗಸಿಗೆ ಹೇಳಿ, ದಿಂಬನ್ನು ಅವರ ಗಂಡನ ಕೈಗೆ ಕೊಟ್ಟೆ.